ನಿಂತ ಕಾರು, ನಿಂತ ಎಣ್ಣೆ

ಮುಂಬಯಿಯಲ್ಲಿ ಮಳೆಗಾಲ ಹಿಂದೆ ಸರಿದು ದಸರೆಯ ಬಿಸಿಲು ಹೊಳೆಯತೊಡಗಿತೆಂದರೆ, ಜೂನ್ ತಿಂಗಳಿನಿಂದ ಟಾರ್ಪಾಲಿನ ಮರೆಯಲ್ಲಿ ನಿದ್ರಿಸುತ್ತಿದ್ದ ಹಳೆಯ ಫಿಯೆಟ್, ಅಂಬಾಸಡರ್ ಕಾರುಗಳು ಒಂದೊಂದಾಗಿ ಹೊರಬೀಳುತ್ತವೆ. ಆಯುಧಪೂಜೆಯಂದು ಗಾಡಿಗೆ ಹೂಮಾಲೆ ಹಾಕಿ, ಚಕ್ರದಡಿಯಲ್ಲಿ ನಿಂಬೆಹಣ್ಣನ್ನಿಟ್ಟು, ಮನೆಮಂದಿಯೊಡನೆ ಒಂದು ಸುತ್ತು ಹೋಗಿಬರುವ ಹುಮ್ಮಸ್ಸು ನಮ್ಮವರಲ್ಲಿ ಇಂದಿಗೂ ಬತ್ತಿಲ್ಲ. ಆ ಹುಮ್ಮಸ್ಸಿಗೆ ನಮ್ಮ ಅಡ್ಡಿಯೇನೂ ಇಲ್ಲ. ಕೀಲಿಕೈ ತಿರುವುವ ಮುನ್ನ ಇಂಜಿನಿನ ಎಣ್ಣೆಯತ್ತ ಐದು ನಿಮಿಷ ಗಮನ ಕೊಡಿರೆಂದು ವಾಚಕರಲ್ಲಿ ವಿನಂತಿಸುವುದಷ್ಟೇ ನಮ್ಮ ಉದ್ದೇಶ.

ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಸಿದ್ಧವಾದ ಪದ್ಮಿನಿ ಕಾರು ಒಂದು ಕಾಲದಲ್ಲಿ ಈ ನಗರದ ಟ್ಯಾಕ್ಸಿಯೇ ಆಗಿತ್ತು. 2023ರ ಅಕ್ಟೋಬರ್ ಕೊನೆಗೆ ಆ ಟ್ಯಾಕ್ಸಿಯ ಯುಗ ಮುಗಿಯಿತು. ಉಳಿದವು ಮಾಲೀಕರ ಮಮತೆಯಿಂದ ಬದುಕಿರುವ ಖಾಸಗಿ ಗಾಡಿಗಳು. 2021ರಲ್ಲಿ ಬಂದ ಕೇಂದ್ರ ಸರಕಾರದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ ಮೂಲರೂಪವನ್ನು ಉಳಿಸಿಕೊಂಡಿರುವ ಖಾಸಗಿ ಕಾರುಗಳಿಗೆ 'ವಿಎ' ಸರಣಿಯ ಅಂಕಿ ದೊರೆಯುತ್ತದೆ. ಆದರೆ ಅವು ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿ ಮುಂತಾದ ಕಾರಣಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬೀದಿಗಿಳಿಯುವಂತಿಲ್ಲ. ಹೀಗೆ ಕಾಯಿದೆಯೇ ಅವುಗಳನ್ನು ವರ್ಷದ ಬಹುಭಾಗ ನಿಲ್ಲಿಸಿಬಿಟ್ಟಿದೆ. ಓಡಿ ಸವೆಯುವುದಕ್ಕಿಂತ ನಿಂತು ಕೆಡುವುದೇ ಈ ಗಾಡಿಗಳ ಪಾಡಾಗಿದೆ.

ಇಂಜಿನು ಓಡುತ್ತಿರುವಾಗ ಅದರ ಪಂಪು ತಳದ ತೊಟ್ಟಿಯಿಂದ ಎಣ್ಣೆಯನ್ನೆತ್ತಿ ಬೇರಿಂಗುಗಳಿಗೆ ಉಣಿಸುತ್ತದೆ. ಲೋಹಕ್ಕೂ ಲೋಹಕ್ಕೂ ನಡುವೆ ಆ ಎಣ್ಣೆಯ ತೆಳುಪೊರೆಯೇ ರಕ್ಷಣೆ. ತಿಂಗಳುಗಟ್ಟಲೆ ನಿಂತಾಗ ಎಣ್ಣೆಯ ಬಹುಪಾಲು ತೊಟ್ಟಿಗೆ ಇಳಿದುಹೋಗುತ್ತದೆ. ಕರಾವಳಿಯ ತೇವದ ಗಾಳಿ ರಾತ್ರಿಯ ತಂಪಿಗೆ ಇಂಜಿನಿನೊಳಗೆ ಹನಿಗಟ್ಟುವುದುಂಟು. ಹಳೆಯ ಎಣ್ಣೆಯಲ್ಲಿ ಸೇರಿಕೊಂಡಿರುವ ಆಮ್ಲಾಂಶವು ಈ ನೀರಿನ ಜೊತೆಗೂಡಿ ಬೇರಿಂಗಿನ ಮೈಯನ್ನು ತಿನ್ನುತ್ತದೆ. ಬ್ಯಾಟರಿಗೆ ಚಾರ್ಜು ಮಾಡಿಸಿ, ಪೆಟ್ರೋಲು ಹೊಯ್ದು, ಒಮ್ಮೆಲೇ ಕೀಲಿ ತಿರುವಿದರೆ ಮೊದಲ ಕ್ಷಣಗಳಲ್ಲಿ ಲೋಹವು ಲೋಹವನ್ನೇ ಉಜ್ಜುತ್ತದೆ.

ಆದುದರಿಂದ ಮೊದಲು ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಣ್ಣೆಯ ಅಳತೆಕಡ್ಡಿಯನ್ನು ಹೊರಗೆಳೆದು, ಶುಭ್ರ ಬಟ್ಟೆಯಿಂದ ಒರಸಿ, ಮತ್ತೆ ಪೂರ್ಣ ಇಳಿಸಿ ತೆಗೆಯಬೇಕು. ಎಣ್ಣೆ ಎರಡು ಗುರುತುಗಳ ನಡುವೆ ಇದ್ದರೆ ಸರಿ. ಕೆಳಗಿಳಿದಿದ್ದರೆ ಗಾಡಿಯಡಿಯ ನೆಲವನ್ನು ಪರೀಕ್ಷಿಸಿರಿ. ಸೋರಿಕೆಯ ಕಲೆ ಅಲ್ಲಿ ಕಂಡೀತು. ನಿಲ್ಲಿಸಿದಾಗ ಇದ್ದುದಕ್ಕಿಂತ ಮೇಲೇರಿದ್ದರೆ ಸಂತೋಷಪಡಬೇಡಿರಿ. ಎಣ್ಣೆ ತಾನಾಗಿ ಬೆಳೆಯುವುದಿಲ್ಲ. ನೀರೋ ಪೆಟ್ರೋಲೋ ಬೆರೆತಿರಬೇಕು.

ಮಟ್ಟದ ಜೊತೆಗೆ ಬಣ್ಣವನ್ನೂ ವಾಸನೆಯನ್ನೂ ನೋಡಬೇಕು. ಹೋಟೆಲಿನ ಗಲ್ಲಾದ ಹಿಂದೆ ಬಹುಕಾಲ ಕಳೆದ ನಮಗೆ ತೋಚುವ ಹೋಲಿಕೆಯಿದು: ಎಣ್ಣೆಯು ಡಿಕಾಕ್ಷನ್ನಿನಂತೆ ಕಪ್ಪಗಿದ್ದರೆ ಗಾಬರಿಯಿಲ್ಲ, ಅದು ಹಳತಾಗಿದೆಯಷ್ಟೇ, ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ತಿಳಿಯತಕ್ಕದ್ದು. ಪೆಟ್ರೋಲಿನ ವಾಸನೆ ಹೊಡೆದರೆ ಎಣ್ಣೆ ತೆಳುವಾಗಿ ಸತ್ವಗೆಟ್ಟಿದೆ. ಈ ಎರಡು ಸಂದರ್ಭಗಳಲ್ಲಿಯೂ ಇಂಜಿನನ್ನು ಮುಟ್ಟದೆ ಮೇಸ್ತ್ರಿಯನ್ನು ಕರೆಸುವುದೇ ಜಾಣತನ. ನೀರು ಎಣ್ಣೆಗಿಂತ ಭಾರವಾದುದರಿಂದ ತೊಟ್ಟಿಯ ತಳವನ್ನು ಸೇರಿರುತ್ತದೆ. ತಳದ ಬಿರಡೆಯನ್ನು ತುಸುವೇ ಸಡಿಲಿಸಿದಾಗ ಎಣ್ಣೆಗೆ ಮುಂಚೆ ನೀರು ತೊಟ್ಟಿಕ್ಕಿದರೆ ಸಂಶಯಕ್ಕೆ ಎಡೆಯಿಲ್ಲ.

ಎಣ್ಣೆ ಸರಿಯಿದ್ದರೂ ಆತುರ ಬೇಡ. ಪ್ಲಗ್ಗುಗಳನ್ನು ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒಂದು ಚಹಾಚಮಚೆಯಷ್ಟು ಇಂಜಿನ್ ಎಣ್ಣೆ ಬಿಟ್ಟು, ಇಂಜಿನನ್ನು ಕೈಯಿಂದ ಒಂದೆರಡು ಸುತ್ತು ತಿರುಗಿಸಬೇಕು. ಬಿಗಿಹಿಡಿದಿದ್ದರೆ ಬಲಪ್ರಯೋಗ ಸಲ್ಲದು. ಸಲೀಸಾಗಿ ತಿರುಗಿದರೆ, ಕಿಡಿ ಹಾರದಂತೆ ಕಾಯಿಲಿನ ತಂತಿ ಬಿಡಿಸಿ, ಪ್ಲಗ್ಗುಗಳಿಲ್ಲದೆಯೇ ಸ್ಟಾರ್ಟರಿನಿಂದ ಸ್ವಲ್ಪಸ್ವಲ್ಪವಾಗಿ ತಿರುಗಿಸಿ ಎಣ್ಣೆಯ ಒತ್ತಡದ ದೀಪ ಆರುವವರೆಗೆ ಕಾಯಬೇಕು. ಬಳಿಕ ಪ್ಲಗ್ಗು, ತಂತಿ ಜೋಡಿಸಿ ಇಂಜಿನು ಹೊತ್ತಿಸಬಹುದು. ಆಗಲೂ ಆ ದೀಪ ಕೆಲವೇ ಕ್ಷಣಗಳಲ್ಲಿ ಆರದಿದ್ದರೆ ಕೂಡಲೇ ನಿಲ್ಲಿಸಿರಿ. ಇಂಜಿನು ಬಿಸಿಯೇರಿದ ಮೇಲೆ ಆರಿಸಿ, ಕೆಲವು ನಿಮಿಷ ಬಿಟ್ಟು, ಕಡ್ಡಿಯನ್ನು ಇನ್ನೊಮ್ಮೆ ನೋಡುವುದು ಲೇಸು.

ಇನ್ನು, ವಾರಕ್ಕೊಮ್ಮೆ ಐದು ನಿಮಿಷ ಇಂಜಿನು ಓಡಿಸಿ ಆರಿಸುವ ರೂಢಿ ಹಲವರಲ್ಲಿದೆ. ಇದರಿಂದ ಲಾಭಕ್ಕಿಂತ ಹಾನಿಯೇ ಹೆಚ್ಚು. ಪೂರ್ತಿ ಬಿಸಿಯಾಗದ ಇಂಜಿನಿನಲ್ಲಿ ಉರಿಯಿಂದ ಹುಟ್ಟಿದ ನೀರಾವಿ ಹೊರಹೋಗದೆ ಎಣ್ಣೆಯಲ್ಲೇ ಉಳಿಯುತ್ತದೆ. ಓಡಿಸುವುದಾದರೆ ಚೆನ್ನಾಗಿ ಬಿಸಿಯೇರುವಂತೆ ಓಡಿಸಿರಿ. ಇಲ್ಲವಾದರೆ ಮಳೆಗಾಲಕ್ಕೆ ಮುನ್ನವೇ ಎಣ್ಣೆಯನ್ನೂ ಶೋಧಕವನ್ನೂ ಬದಲಿಸಿ, ಹೊಸ ಎಣ್ಣೆ ಒಳಗೆಲ್ಲ ಹರಡುವಂತೆ ಒಮ್ಮೆ ಓಡಿಸಿ ನಿಲ್ಲಿಸಿರಿ. ಕೆಟ್ಟ ಎಣ್ಣೆಯಲ್ಲಿ ನಾಲ್ಕು ತಿಂಗಳು ನೆನೆಯುವುದಕ್ಕಿಂತ ಒಳ್ಳೆಯ ಎಣ್ಣೆಯಲ್ಲಿ ನೆನೆಯುವುದು ಇಂಜಿನಿಗೆ ಕ್ಷೇಮ. ಹೊಸ ಕಾರುಗಳ ನೀರಿನಂಥ ತೆಳು ಎಣ್ಣೆಯನ್ನು ಹಳೆಯ ಗಾಡಿಗೆ ಹೊಯ್ಯದೆ, ಅದರ ಕೈಪಿಡಿಯಲ್ಲಿ ಹೇಳಿದ ದಪ್ಪದ ಎಣ್ಣೆಯನ್ನೇ ಆರಿಸುವುದು ಯುಕ್ತ.

ಡಬ್ಬಿ ಎಣ್ಣೆ ಇಂದಿಗೂ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ಕಾರ್ಖಾನೆಯೇ ತಯಾರಿಕೆ ನಿಲ್ಲಿಸಿದ ಗಾಡಿಯ ಬಿಡಿಭಾಗಗಳನ್ನು ಹುಡುಕಿಕೊಂಡು ಅಲೆಯಬೇಕಾಗುತ್ತದೆ. ಈ ವ್ಯತ್ಯಾಸ ನೆನಪಿರಲಿ. ಹಬ್ಬದ ದಿನ ಗಾಡಿಗೆ ಕುಂಕುಮ ಹಚ್ಚುವ ಮುನ್ನ ಬಾನೆಟ್ ಎತ್ತಿ ಕಡ್ಡಿಯನ್ನೊಮ್ಮೆ ನೋಡಿದರೆ, ಪೂಜೆಗೆ ಅದಕ್ಕಿಂತ ಒಳ್ಳೆಯ ಆರಂಭ ಬೇರೊಂದಿಲ್ಲ.