ನಾಯಕ ಒಬ್ಬ, ಮುಂದಾಳುಗಳು ಹಲವರು

ತಂಡ ನಡೆಸುವ ರೀತಿಗಳು ಮೂರು ಎಂಬುದು ರೂಢಿಯ ವಿಂಗಡಣೆ: ತಾನೇ ತೀರ್ಮಾನಿಸಿ ಹೇಳುವುದು, ಎಲ್ಲರನ್ನೂ ಕೇಳಿ ತೀರ್ಮಾನಿಸುವುದು, ಅವರವರಿಗೇ ಬಿಟ್ಟುಬಿಡುವುದು. 1939ರಲ್ಲಿ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಮತ್ತು ಸಂಗಡಿಗರು ಹುಡುಗರ ಗುಂಪುಗಳ ಮೇಲೆ ನಡೆಸಿದ ಪ್ರಯೋಗ ಇದಕ್ಕೆ ಮೂಲ. ಯಾವುದು ಉತ್ತಮ ಎಂದು ಕೇಳುವುದೇ ತಪ್ಪು. ಮದರಾಸಿನ ವೈಎಂಸಿಎ ಕಾಲೇಜಿನಲ್ಲಿ ಕಲಿತು ಕೆನಡಾಕ್ಕೆ ಹೋದ ಕ್ರೀಡಾ ವಿದ್ವಾಂಸ ಪಿ. ಚೆಲ್ಲದುರೈ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು: ಸಂದರ್ಭ ಬೇಡುವುದು, ಆಟಗಾರರು ಬಯಸುವುದು, ಕೋಚ್ ನಿಜವಾಗಿ ಮಾಡುವುದು, ಈ ಮೂರೂ ಹೊಂದಿಕೊಂಡಾಗ ಆಟವೂ ಏರುತ್ತದೆ, ಆಟಗಾರರ ಮನಸ್ಸೂ ನೆಮ್ಮದಿಯಾಗಿರುತ್ತದೆ.

ಹೆಚ್ಚಿನವರು ಎಡವುವುದು ಬೇರೆ ಕಡೆ. ತೋಳಿಗೆ ಪಟ್ಟಿ ಕಟ್ಟಿಕೊಂಡವನೇ ತಂಡದ ಏಕೈಕ ಮುಂದಾಳು ಎಂದು ನಂಬುತ್ತೇವೆ. ಬೆಲ್ಜಿಯಂನ ಸಂಶೋಧಕಿ ಕಾತ್ರಿಯೆನ್ ಫ್ರಾನ್ಸೆನ್ ಮತ್ತು ಸಂಗಡಿಗರು 2014ರಲ್ಲಿ ಒಂಬತ್ತು ಆಟಗಳ 4,451 ಜನರನ್ನು ವಿಚಾರಿಸಿ ಈ ನಂಬಿಕೆಯನ್ನು ಪರೀಕ್ಷಿಸಿದರು. ಆಟದ ತಂತ್ರ ಹೇಳುವವರು, ಹುರಿದುಂಬಿಸುವವರು, ಮೈದಾನದ ಹೊರಗೆ ಬಾಂಧವ್ಯ ಕಾಯುವವರು, ತಂಡದ ಪರವಾಗಿ ಹೊರಗಿನವರೊಡನೆ ಮಾತಾಡುವವರು ಎಂದು ನಾಲ್ಕು ಪಾತ್ರಗಳಲ್ಲಿ ಯಾರು ಮುಂದು ಎಂದು ಕೇಳಿದಾಗ, ಸುಮಾರು 44% ಜನ ಒಂದರಲ್ಲೂ ನಾಯಕನನ್ನು ಮೊದಲಿಗನೆಂದು ಹೆಸರಿಸಲಿಲ್ಲ! ಕಬಡ್ಡಿಯನ್ನೇ ನೋಡಿ. ದಾಳಿಗೆ ಬರುವ ರೈಡರ್ ಬಂದು ಹೋಗಲು ಇರುವುದು 30 ಸೆಕೆಂಡು. ನಾಯಕನೇ ಔಟಾಗಿ ಹೊರಗೆ ಕೂತಿರಬಹುದು. ಆಗ ಎದುರಾಳಿಯ ಕಾಲು ಯಾವ ಕ್ಷಣದಲ್ಲಿ ಹಿಡಿಯಬೇಕೆಂದು ನಿರ್ಧರಿಸುವವನು ಅಂಚಿನಲ್ಲಿ ನಿಲ್ಲುವ ಕಾರ್ನರ್ ಆಟಗಾರ. ಒಳಗೆ ನಿಲ್ಲುವ ಕವರ್ ಆಟಗಾರರು ಅವನನ್ನು ನೋಡಿಯೇ ಮುನ್ನುಗ್ಗುತ್ತಾರೆ.

ಮುಂದಾಳುಗಳು ಹಲವರಾದರೆ ಗೊಂದಲವಾಗದೇ, ಕೊನೆಗೆ ಹೇಳುವವನು ಒಬ್ಬನಿರಬೇಡವೇ ಎಂಬ ಆಕ್ಷೇಪ ನ್ಯಾಯವಾದದ್ದು. ಇರಲೇಬೇಕು. ಆದರೆ ಅಂತಿಮ ತೀರ್ಮಾನ ಒಬ್ಬನದಾಗಿರುವುದು ಬೇರೆ, ಹೊಣೆಯೆಲ್ಲ ಒಬ್ಬನ ಮೇಲಿರುವುದು ಬೇರೆ. 2014-15ರ ರಣಜಿ ಕ್ರಿಕೆಟ್ ಫೈನಲ್‌ನಲ್ಲಿ ಕರ್ನಾಟಕದ ನಾಯಕ ವಿನಯ್ ಕುಮಾರ್ ತಾವೇ ಐದು ವಿಕೆಟ್ ಕಿತ್ತು ತಮಿಳುನಾಡನ್ನು 134ಕ್ಕೆ ಕಟ್ಟಿಹಾಕಿದರು. ಬಳಿಕ ಕರ್ನಾಟಕವೇ 84ಕ್ಕೆ ಐದು ವಿಕೆಟ್ ಕಳೆದುಕೊಂಡಿತು. ಆ ಗಳಿಗೆಯಲ್ಲಿ ತಂಡವನ್ನು ಎತ್ತಿಹಿಡಿದವರು 328 ರನ್ ಗಳಿಸಿದ ಕರುಣ್ ನಾಯರ್ ಮತ್ತು 188 ಗಳಿಸಿದ ಕೆ.ಎಲ್. ರಾಹುಲ್. ಮುಂದೆ ನಾಯಕರೂ ಅಜೇಯ ಶತಕ ಸೇರಿಸಿದರು. ಬಲವಾದ ನಾಯಕತ್ವವೂ ಹಂಚಿಕೊಂಡ ಹೊಣೆಯೂ ಒಂದಕ್ಕೊಂದು ವಿರೋಧವಲ್ಲ ಎಂಬುದಕ್ಕೆ ಇದಕ್ಕಿಂತ ಚೆಂದದ ಸಾಕ್ಷಿ ಬೇಕೇ?

ಬೆಲ್ಜಿಯಂನ ಲೆಕ್ಕ ನಮ್ಮೂರಿಗೆ ಹಾಗೆಯೇ ಹೊಂದೀತೇ ಎಂಬ ಇನ್ನೊಂದು ಪ್ರಶ್ನೆಗೆ ಉತ್ತರ ಇಲ್ಲೇ ಹುಡುಕಬೇಕು. ಹಿರಿಯರ ಮಾತಿಗೆ ಹೆಚ್ಚು ಬೆಲೆ ಕೊಡುವ ನಮ್ಮಲ್ಲಿ ಕಿರಿಯ ಆಟಗಾರ ಬಾಯಿಬಿಡುವುದು ಸುಲಭವಲ್ಲ. ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ತೋರಣಗಲ್ಲಿನ ಬಳಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ; ಕುಸ್ತಿ, ಬಾಕ್ಸಿಂಗ್, ಜೂಡೊದಂಥ ಒಂಟಿ ಆಟಗಳ ಪಟುಗಳು ಅಲ್ಲಿ ಪಳಗುತ್ತಿದ್ದಾರೆ. ಆದರೆ ತಂಡದ ಆಟಗಳ ಮನಸ್ಸನ್ನು ಅರಿಯಲು ಹೊಸಪೇಟೆ, ಕಂಪ್ಲಿ, ಹಂಪಿ ಸುತ್ತಲಿನ ಶಾಲೆಗಳ ಕಬಡ್ಡಿ, ಖೊಖೊ ತಂಡಗಳೇ ಸಾಕು. ದೈಹಿಕ ಶಿಕ್ಷಕರೇ, ಆ ನಾಲ್ಕು ಪಾತ್ರಗಳಲ್ಲಿ ಯಾರು ಮುಂದು ಎಂದು ನಿಮ್ಮ ಮಕ್ಕಳನ್ನು ಒಬ್ಬೊಬ್ಬರನ್ನೇ ಕೇಳಿ, ಉತ್ತರಗಳನ್ನು ಬರೆದಿಡಿ, ಹಂಗಾಮು ಮುಗಿದ ಮೇಲೆ ಮತ್ತೆ ಕೇಳಿ. ನಮ್ಮ ಆಟಗಳ ನಾಯಕತ್ವದ ಅಧ್ಯಯನ ಕನ್ನಡದಲ್ಲಿ ಬೆಳೆಯಬೇಕಾದರೆ ಅದಕ್ಕೆ ಬೇಕಾದ ಕಚ್ಚಾ ಸಾಮಗ್ರಿ ನಿಮ್ಮ ಕೈಯಲ್ಲೇ ಇದೆ.