21 ದಿನ ಅನ್ನ ಬಿಟ್ಟರೆ ಹಾರ್ಟ್ ಅಟ್ಯಾಕ್ ಬರುವುದಿಲ್ಲವೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

“21 ದಿನ ಅನ್ನ ಬಿಡಿ. ಮೂರು ಹೊತ್ತೂ ರಾಗಿ ಮುದ್ದೆ ತಿನ್ನಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಕುಡಿಯಿರಿ. ಹೊಟ್ಟೆ ಕರಗುತ್ತೆ, ಶುಗರ್ ಮಾಯ, ಹಾರ್ಟ್ ಅಟ್ಯಾಕ್ ಹತ್ತಿರ ಸುಳಿಯಲ್ಲ. ಹತ್ತು ಜನಕ್ಕೆ ಕಳಿಸಿ.”

ಈ ಧಾಟಿಯ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅರಸೀಕೆರೆ, ಬೇಲೂರು, ಹಳೇಬೀಡಿನ ಕಡೆಯವರಿಗೆ ಇದನ್ನು ನಂಬುವುದು ಇನ್ನೂ ಸುಲಭ. ರಾಗಿ ನಮ್ಮ ಹೊಲದ್ದು, ಕೊಬ್ಬರಿ ನಮ್ಮ ತೋಟದ್ದು. ಹಾಗಾದರೆ ಇದರಲ್ಲಿ ನಿಜ ಎಷ್ಟು? ಒಂದೊಂದಾಗಿ ನೋಡೋಣ.

ಹಾಸನದ ಭಯ ಮತ್ತು ವರದಿ

2025ರ ಮೇ-ಜೂನ್‌ನಲ್ಲಿ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳ ಸುದ್ದಿ ಒಂದರ ಹಿಂದೆ ಒಂದು ಬಂತು. ಹೆದರಿದ ಜನ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ರಚಿಸಿತು. ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ ನಾಲ್ಕು ಹೃದಯಕ್ಕೆ ಸಂಬಂಧಿಸಿದ್ದಲ್ಲ ಎಂದು ತಿಳಿಯಿತು. ಜಿಲ್ಲೆಯಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲ ಎಂದು ಜುಲೈನಲ್ಲಿ ವರದಿ ಹೇಳಿತು. ಸತ್ತವರಲ್ಲಿ ಹಲವರಿಗೆ ಸಕ್ಕರೆ ಕಾಯಿಲೆ, ಬಿಪಿ, ಬೊಜ್ಜು, ಧೂಮಪಾನ, ಮದ್ಯಪಾನದಂಥ ಅಪಾಯಗಳು ಮೊದಲೇ ಇದ್ದವು. ಆಟೊ, ಕ್ಯಾಬ್ ಚಾಲಕರೂ ಅವರಲ್ಲಿದ್ದರು.

ಈ ಅಪಾಯಗಳಲ್ಲಿ ಹಲವು ನಾವು ದಿನಾ ತಿನ್ನುವುದಕ್ಕೆ ಸಂಬಂಧಪಟ್ಟಿವೆ. ಆದ್ದರಿಂದ ಊಟ ಬದಲಿಸಬೇಕು ಎನ್ನುವುದು ಸರಿ. ಹೇಗೆ ಬದಲಿಸಬೇಕು ಎನ್ನುವಲ್ಲಿ ಫಾರ್ವರ್ಡ್ ದಾರಿ ತಪ್ಪಿಸುತ್ತದೆ.

ಹೇಳಿಕೆ 1: 21 ದಿನ ಸಾಕು

ಸುಳ್ಳು. ಈ ಸಂಖ್ಯೆಯ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅವರ 1960ರ ಪುಸ್ತಕ ‘ಸೈಕೋ-ಸೈಬರ್ನೆಟಿಕ್ಸ್’. ಆಪರೇಷನ್ ಆದವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ಕನಿಷ್ಠ 21 ದಿನ ಬೇಕಾಗುತ್ತದೆ ಎಂದು ಅವರು ಗಮನಿಸಿದ್ದರು. ಅದು ಊಟದ ಮಾತಲ್ಲ. ‘ಕನಿಷ್ಠ’ ಎಂಬ ಪದವೂ ಬಾಯಿಂದ ಬಾಯಿಗೆ ಹೋಗುವಾಗ ಉದುರಿಹೋಯಿತು.

ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 96 ಜನರನ್ನು ಗಮನಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಊಟದ ಜೊತೆ ಹಣ್ಣು ತಿನ್ನುವಂಥ ಸಣ್ಣ ಕೆಲಸವೊಂದು ಅಭ್ಯಾಸವಾಗಲು ಸಾಮಾನ್ಯವಾಗಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 254 ದಿನ ಬೇಕು ಎಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಕೆಡಲಿಲ್ಲ. ಅಂದರೆ ಹಬ್ಬದ ದಿನ ಹೋಳಿಗೆ ತಿಂದಿರಿ ಎಂದು ಎಲ್ಲವನ್ನೂ ಕೈಬಿಡಬೇಕಿಲ್ಲ.

ಹೇಳಿಕೆ 2: ಮುದ್ದೆ ಎಷ್ಟು ತಿಂದರೂ ಸಕ್ಕರೆ ಏರದು

ಅರ್ಧ ಸತ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರಿನಂಶ ಇದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂಗಿಂತ ಕಡಿಮೆ, ನಾರು 3 ಗ್ರಾಂನಷ್ಟು. ಇಲ್ಲಿ ರಾಗಿಯೇ ಮುಂದೆ. ಆದರೆ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ ಇದ್ದರೆ ಅಕ್ಕಿಯಲ್ಲಿ 356. ವ್ಯತ್ಯಾಸ ಅಷ್ಟೇ. ನುಣ್ಣಗೆ ಬೀಸಿದ ಹಿಟ್ಟಿನ ಮುದ್ದೆಯೂ ರಕ್ತದ ಸಕ್ಕರೆ ಏರಿಸುತ್ತದೆ.

ಲಾಭ ಇರುವುದು ಮುದ್ದೆಯ ಪಕ್ಕದಲ್ಲಿ. ಹುರುಳಿಕಾಳು, ಅವರೆಕಾಳು, ಸೊಪ್ಪಿನ ಸಾರು ಹೆಚ್ಚಿರಲಿ, ಮುದ್ದೆ ಚಿಕ್ಕದಿರಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿ ಹೇಳುವುದೂ ಇದನ್ನೇ: ದಿನಕ್ಕೆ 2000 ಕ್ಯಾಲೊರಿ ಬೇಕಾದವರ ತಟ್ಟೆಯಲ್ಲಿ ಅರ್ಧದಷ್ಟು ತರಕಾರಿ, ಹಣ್ಣು ಇರಬೇಕು. ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ.

ಹೇಳಿಕೆ 3: ಖಾಲಿ ಹೊಟ್ಟೆಗೆ ಕೊಬ್ಬರಿ ಎಣ್ಣೆ

ತಪ್ಪು. ತೆಂಗಿನಲ್ಲಿ ಕೊಲೆಸ್ಟ್ರಾಲ್ ಇಲ್ಲ ಎನ್ನುವುದು ನಿಜ, ಯಾವ ಸಸ್ಯಾಹಾರದಲ್ಲೂ ಅದು ಇರುವುದಿಲ್ಲ ಎನ್ನಬಹುದು. ಆದರೆ ಕೊಬ್ಬರಿ ಎಣ್ಣೆಯ ಸುಮಾರು ಶೇ. 90 ಭಾಗ ಸ್ಯಾಚುರೇಟೆಡ್ ಕೊಬ್ಬು. ಇದು ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಅನ್ನು ಏರಿಸುತ್ತದೆ. 2000 ಕ್ಯಾಲೊರಿ ತಿನ್ನುವವರಿಗೆ ಈ ಕೊಬ್ಬು ದಿನಕ್ಕೆ 22 ಗ್ರಾಂ ದಾಟಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಎರಡು ದೊಡ್ಡ ಚಮಚ ಎಣ್ಣೆಯಲ್ಲೇ ಇಡೀ ದಿನದ ಪಾಲು ಮುಗಿಯಿತು! ಸಾರು, ಪಲ್ಯಕ್ಕೆ ಹಾಕುವ ಒಂದಿಷ್ಟು ಕಾಯಿತುರಿಗೆ ಹೆದರಬೇಕಿಲ್ಲ. ಎಣ್ಣೆಯನ್ನು ಔಷಧಿಯಂತೆ ಕುಡಿಯುವುದು ಬೇಡ.

ಕನ್ನಡಿ ಹೇಳದ ಸತ್ಯ

ಇಂಥ ಸಂದೇಶಗಳ ಜೊತೆ ‘ಮೊದಲು-ನಂತರ’ ಫೋಟೊಗಳೂ ಬರುತ್ತವೆ. ದಪ್ಪಗಿದ್ದವರಿಗೆ ನಾಚಿಕೆ, ಸಣ್ಣಗಿದ್ದವರಿಗೆ ಸುಳ್ಳು ಧೈರ್ಯ. ಸಣ್ಣಗಿರುವವರಿಗೂ ಬಿಪಿ, ಶುಗರ್ ಇರಬಹುದು. ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ಎಚ್ಚರ ವಹಿಸಬೇಕು. ಟೇಪು, ಬಿಪಿ ಯಂತ್ರ, ರಕ್ತ ಪರೀಕ್ಷೆ ಹೇಳುವುದನ್ನು ನಂಬಿ. “ಏನೇ, ಇಷ್ಟು ದಪ್ಪ ಆಗಿದ್ದೀಯ” ಎಂಬ ನೆಂಟರ ಮಾತಿಗೆ ಬೇಸತ್ತು ಊಟ ಬಿಡಬೇಡಿ. ಉಪವಾಸದಲ್ಲಿ ಇಳಿದ ತೂಕ ಹೆಚ್ಚಿನವರಲ್ಲಿ ಮತ್ತೆ ಏರುತ್ತದೆ.

ಹಾಗಾದರೆ ಏನು ಮಾಡಬೇಕು?

ಒಂದು ಸಲಕ್ಕೆ ಒಂದೇ ಬದಲಾವಣೆ.

• ಟೀ: ದಿನಕ್ಕೆ ನಾಲ್ಕು ಟೀ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ ಎಂದರೆ ಹತ್ತಿರ ಹತ್ತಿರ 40 ಗ್ರಾಂ. 25 ಗ್ರಾಂ ಒಳಗಿದ್ದರೆ ಒಳ್ಳೆಯದು. ಮೊದಲು ಒಂದು ಚಮಚಕ್ಕೆ ಇಳಿಸಿ.

• ಸಂಜೆಯ ತಿಂಡಿ: ಬೇಲೂರು, ಹಳೇಬೀಡಿನಲ್ಲಿ ಪ್ರವಾಸಿಗರಿಗಾಗಿ ಗಂಟೆಗಟ್ಟಲೆ ಕಾಯುವ ಚಾಲಕರಿಗೆ ಬೋಂಡ, ಪಫ್ಸ್ ಕೈಗೆ ಸಿಗುತ್ತವೆ. ವಾರದಲ್ಲಿ ನಾಲ್ಕು ದಿನ ಅದರ ಬದಲು ಸೌತೆಕಾಯಿ, ಬೇಯಿಸಿದ ಕಡಲೆಕಾಯಿ, ಮಜ್ಜಿಗೆ ತೆಗೆದುಕೊಳ್ಳಿ.

• ಉಪ್ಪು: ದಿನಕ್ಕೆ ಒಟ್ಟು ಒಂದು ಟೀ ಚಮಚ, ಅಂದರೆ 5 ಗ್ರಾಂ. ಉಪ್ಪಿನಕಾಯಿ, ಹಪ್ಪಳವೂ ಇದರಲ್ಲೇ ಸೇರಿತು.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಫಾರ್ವರ್ಡ್ ನಂಬಿ ಶುಗರ್ ಅಥವಾ ಬಿಪಿ ಮಾತ್ರೆ ನಿಲ್ಲಿಸಬೇಡಿ. ಇನ್ಸುಲಿನ್ ಮತ್ತು ಕೆಲವು ಶುಗರ್ ಮಾತ್ರೆ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಊಟ ಕಡಿಮೆ ಮಾಡಿದರೆ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು, ಮೊದಲು ವೈದ್ಯರನ್ನು ಕೇಳಿ. ಎದೆ ಬಿಗಿದು ನೋವು ಬಂದರೆ, ಬೆವರಿದರೆ ಗ್ಯಾಸ್ಟ್ರಿಕ್ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ.

ಗ್ರೂಪಿನಲ್ಲಿ ಆ ಸಂದೇಶ ಹಾಕಿದವರು ಕಾಳಜಿಯಿಂದಲೇ ಹಾಕಿರುತ್ತಾರೆ. ಅವರನ್ನು ಬೈಯಬೇಡಿ. ಉತ್ತರವಾಗಿ ಇದನ್ನು ಕಳಿಸಿ.