ಗಣಕಯಂತ್ರ ಕೈಕೊಟ್ಟಾಗ: ದೋಷದ ಮೂಲ ಹುಡುಕುವ ಕ್ರಮ

ಗಣಕಯಂತ್ರದ ಮೂಲಕ ಬಿಲ್ಲು ಬರೆಯದ ವರ್ತಕರು ಇಂದು ವಿರಳ. ಸರಕು ದಾಸ್ತಾನು, ತೆರಿಗೆ ವಿವರಣೆ, ಬ್ಯಾಂಕ್ ವ್ಯವಹಾರ, ಸಾಗಣೆ ಪತ್ರ ಎಲ್ಲವೂ ತಂತ್ರಾಂಶವನ್ನು ಅವಲಂಬಿಸಿವೆ. ಆದರೆ ಅದು ಕೈಕೊಟ್ಟ ದಿನ ನಾವು ಮಾಡುವುದು ಸಾಮಾನ್ಯವಾಗಿ ಒಂದೇ ಕೆಲಸ: ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡುವುದು. ಯಂತ್ರ ಓಡಿದರೆ ವಿಷಯವನ್ನು ಅಲ್ಲಿಗೇ ಮರೆಯುತ್ತೇವೆ. ಓಡುವಂತೆ ಮಾಡುವುದು ಬೇರೆ, ದೋಷ ನಿವಾರಿಸುವುದು ಬೇರೆ. ಕಾರಣ ತಿಳಿಯದೆ ಮುಚ್ಚಿದ ದೋಷವು ವ್ಯಾಪಾರದ ಅತ್ಯಂತ ಬಿಡುವಿಲ್ಲದ ದಿನವೇ ಮರಳಿ ಬರುತ್ತದೆ. ಹೀಗಾಗುವುದೇಕೆ, ಕಾರಣವನ್ನು ಹುಡುಕುವ ಕ್ರಮ ಯಾವುದು ಎಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಇ-ವೇ ಬಿಲ್ ಕಲಿಸಿದ ಪಾಠ

2018ರ ಫೆಬ್ರವರಿ 1ರಂದು ಅಂತರರಾಜ್ಯ ಸರಕು ಸಾಗಣೆಗೆ ದೇಶದಾದ್ಯಂತ ಇ-ವೇ ಬಿಲ್ ಕಡ್ಡಾಯವಾಗಬೇಕಿತ್ತು. 50,000 ರೂಪಾಯಿಗಿಂತ ಹೆಚ್ಚು ಮೌಲ್ಯದ ಸರಕು ಹೊರಡುವ ಮುನ್ನ ಪೋರ್ಟಲ್‌ನಲ್ಲಿ ವಿವರ ದಾಖಲಿಸಿ ಬಿಲ್ ಪಡೆಯಬೇಕೆಂಬುದು ನಿಯಮ. ತಲಪಾಡಿ ದಾಟಿದೊಡನೆ ಕೇರಳವನ್ನು ಪ್ರವೇಶಿಸುವ ಉಳ್ಳಾಲದ ವರ್ತಕರಿಗೆ ಇದು ದಿನನಿತ್ಯದ ಸಂಗತಿ. ಆದರೆ ಮೊದಲ ದಿನವೇ ಪೋರ್ಟಲ್ ಭಾರ ತಾಳಲಾರದೆ ನಿಂತಿತು. ಬಿಲ್ ಸೃಷ್ಟಿಸಲಾಗದೆ ವರ್ತಕರು ಪರದಾಡಿದರು. ಅದೇ ದಿನ ಕೇಂದ್ರ ಸರ್ಕಾರವು ನಿಯಮದ ಜಾರಿಯನ್ನು ಮುಂದೂಡಿತು.

ಈ ವ್ಯವಸ್ಥೆ ಅಂದು ಹೊಸದಾಗಿರಲಿಲ್ಲ ಎಂಬುದು ಗಮನಾರ್ಹ. ಮೌಲ್ಯವರ್ಧಿತ ತೆರಿಗೆಯ ಕಾಲದಲ್ಲಿಯೇ ಕರ್ನಾಟಕದ ವರ್ತಕರಿಗೆ ಇ-ಸುಗಮ್ ಪರಿಚಿತವಾಗಿತ್ತು. 2017ರ ಸೆಪ್ಟೆಂಬರ್ 12ರಿಂದ ನಮ್ಮ ರಾಜ್ಯದಲ್ಲಿ ಇ-ವೇ ಬಿಲ್ಲಿನ ಪ್ರಯೋಗವೂ ನಡೆದಿತ್ತು. ತಂತ್ರಾಂಶ ಮಾಡಬೇಕಾದ ಕೆಲಸ ಬದಲಾಗಿರಲಿಲ್ಲ. ಅದು ಹೊರಬೇಕಾದ ಭಾರ ಬದಲಾಗಿತ್ತು. ಒಂದು ರಾಜ್ಯದ ಬೇಡಿಕೆಗೆ ಸರಿಯಾಗಿ ಸ್ಪಂದಿಸಿದ ವ್ಯವಸ್ಥೆ ಇಡೀ ದೇಶದ ಬೇಡಿಕೆಗೂ ಸ್ಪಂದಿಸಬೇಕೆಂದಿಲ್ಲ.

ಎರಡನೆಯ ಬಾರಿ ಕ್ರಮ ಬೇರೆಯಾಗಿತ್ತು. ದಿನಕ್ಕೆ 75 ಲಕ್ಷ ಅಂತರರಾಜ್ಯ ಬಿಲ್‌ಗಳನ್ನು ತಾಳುವಂತೆ ವ್ಯವಸ್ಥೆಯನ್ನು ಸಜ್ಜುಗೊಳಿಸಲಾಗಿದೆ ಎಂದು ಪ್ರಕಟಿಸಲಾಯಿತು. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಮಾತ್ರ ನಿಯಮ ಜಾರಿಯಾಯಿತು. ರಾಜ್ಯದೊಳಗಿನ ಸಾಗಣೆಗೆ ಅಂದು ಅದನ್ನು ಅನ್ವಯಿಸಿದ್ದು ಕರ್ನಾಟಕ ಮಾತ್ರ. ಏಪ್ರಿಲ್ 15ರಿಂದ ಕೇರಳ, ಆಂಧ್ರಪ್ರದೇಶ, ತೆಲಂಗಾಣ, ಗುಜರಾತ್ ಮತ್ತು ಉತ್ತರಪ್ರದೇಶ ಸೇರಿದವು. ಉಳಿದ ರಾಜ್ಯಗಳು ಜೂನ್ ತಿಂಗಳೊಳಗೆ ಹಂತಹಂತವಾಗಿ ಸೇರಿದವು. ಪ್ರತಿ ಹಂತದಲ್ಲಿಯೂ ಭಾರವನ್ನು ಅಳೆದು ನೋಡಲು ಇದರಿಂದ ಅವಕಾಶವಾಯಿತು.

ದೋಷ ಒಂದು, ಲಕ್ಷಣ ಇನ್ನೊಂದು

ತಂತ್ರಾಂಶದ ದೋಷವು ತಿಂಗಳುಗಟ್ಟಲೆ ಮೌನವಾಗಿದ್ದು, ಒಂದು ನಿರ್ದಿಷ್ಟ ಸಂದರ್ಭ ಒದಗಿದಾಗ ಮಾತ್ರ ವೈಫಲ್ಯವಾಗಿ ಪ್ರಕಟವಾಗುತ್ತದೆ. ಇದಕ್ಕೆ 2024ರ ಜುಲೈ 19ರ ಘಟನೆ ಉತ್ತಮ ನಿದರ್ಶನ. ಅಂದು ಬೆಳಿಗ್ಗೆ ನಮ್ಮ ಕಾಲಮಾನ 9.39ಕ್ಕೆ ಕ್ರೌಡ್‌ಸ್ಟ್ರೈಕ್ ಎಂಬ ಸುರಕ್ಷತಾ ತಂತ್ರಾಂಶ ಸಂಸ್ಥೆಯು ತನ್ನ ಗ್ರಾಹಕರ ಯಂತ್ರಗಳಿಗೆ ಒಂದು ಪರಿಷ್ಕರಣ ಕಡತ ಕಳುಹಿಸಿತು. ಸುಮಾರು 85 ಲಕ್ಷ ವಿಂಡೋಸ್ ಗಣಕಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ಬೆಂಗಳೂರು ಸೇರಿದಂತೆ ಹಲವು ವಿಮಾನ ನಿಲ್ದಾಣಗಳಲ್ಲಿ ವಿಮಾನಯಾನ ಸಂಸ್ಥೆಗಳು ಪ್ರಯಾಣಿಕರ ನೋಂದಣಿಯನ್ನು ಕೈಬರಹದಲ್ಲಿ ನಡೆಸಬೇಕಾಯಿತು.

ತನಿಖೆಯಿಂದ ಹೊರಬಂದ ಕಾರಣ ಅತಿ ಚಿಕ್ಕದು. ಪರಿಷ್ಕರಣ ಕಡತವು 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು. ತಂತ್ರಾಂಶ ಒದಗಿಸುತ್ತಿದ್ದುದು 20 ಮಾತ್ರ. 21ನೆಯದು ನಿಜವಾಗಿ ಬೇಕಾಗುವವರೆಗೆ ಈ ಅಂತರ ಯಾರಿಗೂ ಕಾಣಲಿಲ್ಲ. ಸಂಸ್ಥೆಯು 78 ನಿಮಿಷಗಳಲ್ಲಿ ಕಡತವನ್ನು ಹಿಂಪಡೆಯಿತು. ಆದರೆ ಆ ವೇಳೆಗೆ ನಿಂತುಹೋಗಿದ್ದ ಯಂತ್ರಗಳಲ್ಲಿ ಬಹುಪಾಲನ್ನು ಒಂದೊಂದಾಗಿ ಕೈಯಿಂದಲೇ ಸರಿಪಡಿಸಬೇಕಾಯಿತು. ಇಂತಹ ಕಡತಗಳನ್ನು ಎಲ್ಲರಿಗೂ ಏಕಕಾಲಕ್ಕೆ ಕಳುಹಿಸದೆ ಹಂತಹಂತವಾಗಿ ಬಿಡುಗಡೆ ಮಾಡುವುದಾಗಿ ಸಂಸ್ಥೆ ಬಳಿಕ ತಿಳಿಸಿತು. ಇ-ವೇ ಬಿಲ್ ಕಲಿಸಿದ ಪಾಠವೂ ಇದೇ.

ನಮ್ಮ ಅಂಗಳದ ಒಂದು ಉದಾಹರಣೆ

ದೊಡ್ಡ ಸಂಸ್ಥೆಗಳ ಈ ವಿಧಾನ ಸಣ್ಣ ಘಟಕಕ್ಕೂ ಅನ್ವಯಿಸುತ್ತದೆ. ಉದಾಹರಣೆಗಾಗಿ ಉಳ್ಳಾಲ ಪರಿಸರದ ಒಂದು ಮೀನು ಸಂಸ್ಕರಣೆ ಘಟಕವನ್ನು ಕಲ್ಪಿಸಿಕೊಳ್ಳೋಣ. ಬಿಲ್ಲಿನ ಗಣಕಯಂತ್ರ ಆಗಾಗ ಇದ್ದಕ್ಕಿದ್ದಂತೆ ಆರಿಹೋಗುತ್ತದೆ. ಮತ್ತೆ ಚಾಲೂ ಮಾಡಿದರೆ ಲೆಕ್ಕದ ಕಡತ ಹಾಳಾಗಿದೆ ಎಂಬ ಸಂದೇಶ ಬರುತ್ತದೆ. ತಂತ್ರಜ್ಞರು ಬಂದು ತಂತ್ರಾಂಶವನ್ನು ಹೊಸದಾಗಿ ಅಳವಡಿಸುತ್ತಾರೆ. ನಾಲ್ಕು ದಿನ ಎಲ್ಲವೂ ಸರಿ. ಐದನೆಯ ದಿನ ಮತ್ತೆ ಅದೇ ಕಥೆ. ತಂತ್ರಾಂಶವೇ ಕೆಟ್ಟದ್ದೆಂದು ಮಾಲೀಕರು ಹೊಸದನ್ನು ಕೊಳ್ಳಲು ಸಿದ್ಧರಾಗುತ್ತಾರೆ.

ಅಷ್ಟರಲ್ಲಿ ಗುಮಾಸ್ತರು ಪುಸ್ತಕದಲ್ಲಿ ಬರೆದಿಟ್ಟ ಟಿಪ್ಪಣಿಯನ್ನು ಯಾರೋ ಗಮನಿಸುತ್ತಾರೆ. ಐದು ಬಾರಿಯೂ ತೊಂದರೆ ಬಂದದ್ದು ಮಂಜುಗಡ್ಡೆ ಪುಡಿಮಾಡುವ ಯಂತ್ರ ಚಾಲೂ ಆಗುವ ಹೊತ್ತಿಗೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಒಮ್ಮೆಯೂ ತೊಂದರೆ ಇಲ್ಲ. ದೊಡ್ಡ ಮೋಟಾರು ಚಾಲೂ ಆಗುವ ಕ್ಷಣದಲ್ಲಿ ಸಾಮಾನ್ಯಕ್ಕಿಂತ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ. ಅದೇ ತಂತಿಯಲ್ಲಿರುವ ಇತರ ಉಪಕರಣಗಳಿಗೆ ವೋಲ್ಟೇಜ್ ಕುಸಿಯುತ್ತದೆ. ಯು.ಪಿ.ಎಸ್. ಬ್ಯಾಟರಿ ಹಳೆಯದಾಗಿದ್ದರೆ ಗಣಕಯಂತ್ರ ಆ ಕ್ಷಣದಲ್ಲಿ ಆರಿಹೋಗುತ್ತದೆ. ಅದೇ ವೇಳೆ ಬಿಲ್ಲು ದಾಖಲಾಗುತ್ತಿದ್ದರೆ ಕಡತ ಅರ್ಧಕ್ಕೇ ನಿಲ್ಲುತ್ತದೆ. ಬೇಕಾಗಿದ್ದುದು ಹೊಸ ತಂತ್ರಾಂಶವಲ್ಲ. ಹೊಸ ಬ್ಯಾಟರಿ ಮತ್ತು ಗಣಕಯಂತ್ರಕ್ಕೆ ಪ್ರತ್ಯೇಕ ವಿದ್ಯುತ್ ಮಾರ್ಗ.

ಕರಾವಳಿಯಲ್ಲಿ ಇಂತಹ ಕಾರಣಗಳನ್ನು ಮೊದಲೇ ಪರಿಶೀಲಿಸುವುದು ಯುಕ್ತ. ಸಮುದ್ರದ ಉಪ್ಪುಗಾಳಿ ಮತ್ತು ಮಳೆಗಾಲದ ತೇವದಿಂದ ಯಂತ್ರದೊಳಗಿನ ಲೋಹದ ಸಂಪರ್ಕಗಳು ಸವೆಯುತ್ತವೆ. ಸಿಡಿಲಿನಿಂದ ವಿದ್ಯುತ್ ತಂತಿಯಲ್ಲಷ್ಟೇ ಅಲ್ಲ, ದೂರವಾಣಿ ಮತ್ತು ಕೇಬಲ್ ತಂತಿಗಳಲ್ಲಿಯೂ ಏರುಪೇರಾಗುತ್ತದೆ. ಮೇಲ್ನೋಟಕ್ಕೆ ಇವೆಲ್ಲವೂ ತಂತ್ರಾಂಶದ ದೋಷದಂತೆಯೇ ಕಾಣುತ್ತವೆ.

ಅನುಸರಿಸಬೇಕಾದ ಕ್ರಮ

1. ಮೊದಲು ದಾಖಲಿಸಿ, ಬಳಿಕ ಯಂತ್ರವನ್ನು ಆರಿಸಿ. ಪರದೆಯ ಮೇಲಿನ ಸಂದೇಶವನ್ನು ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಿ. ಸಮಯ, ನಡೆಯುತ್ತಿದ್ದ ಕೆಲಸ, ಆಗ ಚಾಲನೆಯಲ್ಲಿದ್ದ ಇತರ ಯಂತ್ರಗಳನ್ನು ಬರೆದಿಡಿ. ಮರುಚಾಲನೆಯೊಂದಿಗೆ ಸಾಕ್ಷ್ಯವೂ ಅಳಿಸಿಹೋಗಬಹುದು.

2. ಹಿಂದೆ ಸರಿಯಾಗಿದ್ದ ದಿನಕ್ಕೂ ಇಂದಿಗೂ ಏನು ಬದಲಾಗಿದೆ ಎಂದು ಕೇಳಿಕೊಳ್ಳಿ. 2025ರ ಸೆಪ್ಟೆಂಬರ್ 22ರಂದು ಜಿ.ಎಸ್.ಟಿ. ದರಗಳು ಬದಲಾದುದನ್ನು ನೆನಪಿಸಿಕೊಳ್ಳಬಹುದು. ಜಾರಿಯ ದಿನಾಂಕವನ್ನು ನಮೂದಿಸದೆ ಹಳೆಯ ದರವನ್ನೇ ಅಳಿಸಿ ಹೊಸದನ್ನು ಬರೆದಿದ್ದರೆ, ಅದಕ್ಕೂ ಮುನ್ನ ಮಾರಿದ ಸರಕು ಹಿಂದಿರುಗಿದಾಗ ಕ್ರೆಡಿಟ್ ನೋಟಿನಲ್ಲಿ ತಪ್ಪು ದರ ಮುದ್ರಣವಾಗುತ್ತದೆ. ಇಲ್ಲಿ ದೋಷ ತಂತ್ರಾಂಶದ್ದಲ್ಲ, ಮಾಹಿತಿ ತುಂಬಿದ ಕ್ರಮದ್ದು.

3. ದೋಷವನ್ನು ಬೇಕೆಂದೇ ಮರುಕಳಿಸುವಂತೆ ಮಾಡಿ ನೋಡಿ. ಬ್ಯಾಕಪ್ ತೆಗೆದಿಟ್ಟು, ವ್ಯವಹಾರವಿಲ್ಲದ ಹೊತ್ತಿನಲ್ಲಿ, ಮೇಲಿನ ಉದಾಹರಣೆಯಲ್ಲಾದರೆ ಮಂಜುಗಡ್ಡೆ ಯಂತ್ರವನ್ನು ಚಾಲೂ ಮಾಡಿ ಪರೀಕ್ಷಿಸಬಹುದು. ಮರುಕಳಿಸಲು ಸಾಧ್ಯವಾದ ದೋಷವು ಅರ್ಧ ಪರಿಹಾರವಾದಂತೆಯೇ.

4. ಒಂದು ಬಾರಿಗೆ ಒಂದನ್ನೇ ಬದಲಿಸಿ. ಬ್ಯಾಟರಿ, ತಂತ್ರಾಂಶ, ಪ್ರಿಂಟರ್ ಮೂರನ್ನೂ ಒಮ್ಮೆಲೇ ಬದಲಿಸಿದರೆ ಗುಣವಾದುದು ಯಾವುದರಿಂದ ಎಂದು ತಿಳಿಯದು.

5. ದುರಸ್ತಿಯ ಬಳಿಕ ಅದೇ ಪರೀಕ್ಷೆಯನ್ನು ಮತ್ತೆ ನಡೆಸಿ, ಫಲಿತಾಂಶವನ್ನು ಅದೇ ಪುಸ್ತಕದಲ್ಲಿ ಬರೆಯಿರಿ. ತಂತ್ರಜ್ಞರಿಗೆ ಹಣ ಪಾವತಿಸುವ ಮುನ್ನ "ಸರಿಯಾಯಿತೇ?" ಎಂದಷ್ಟೇ ಕೇಳದೆ "ಕಾರಣ ಏನಾಗಿತ್ತು?" ಎಂದು ಕೇಳಿ, ಉತ್ತರವನ್ನು ದಾಖಲಿಸಿ.

ಬ್ಯಾಕಪ್ಪಿನ ಬಗ್ಗೆ ಒಂದು ಎಚ್ಚರಿಕೆ

ನಿನ್ನೆಯ ಬ್ಯಾಕಪ್ಪಿನಿಂದ ಲೆಕ್ಕವನ್ನು ಮರಳಿ ತಂದಾಗ ಇಂದು ಬರೆದ ಬಿಲ್ಲುಗಳು ಗಣಕಯಂತ್ರದ ನೆನಪಿನಲ್ಲಿರುವುದಿಲ್ಲ. ಅದು ಅವೇ ಕ್ರಮಸಂಖ್ಯೆಗಳನ್ನು ಮತ್ತೊಮ್ಮೆ ಬೇರೆ ಗ್ರಾಹಕರಿಗೆ ನೀಡುತ್ತದೆ. ಒಂದು ಹಣಕಾಸು ವರ್ಷದಲ್ಲಿ ಬಿಲ್ಲಿನ ಸಂಖ್ಯೆ ಪುನರಾವರ್ತನೆಯಾಗಬಾರದೆಂಬುದು ಜಿ.ಎಸ್.ಟಿ. ನಿಯಮ. ಹೀಗಾದಾಗ ಮಾಸಿಕ ವಿವರಣೆಯಲ್ಲಿ ಗೊಂದಲ ಉಂಟಾಗಿ, ಸರಕು ಕೊಂಡವರ ಹೂಡುವಳಿ ತೆರಿಗೆ ಜಮೆಗೂ ಅಡ್ಡಿಯಾಗಬಹುದು. ಆದುದರಿಂದ ಲೆಕ್ಕವನ್ನು ಮರಳಿ ತಂದ ಕೂಡಲೇ, ಮುದ್ರಿತ ಬಿಲ್ಲುಗಳನ್ನು ನೋಡಿ ಬಿಟ್ಟುಹೋದವುಗಳನ್ನು ಅವೇ ಸಂಖ್ಯೆಗಳಲ್ಲಿ ತುಂಬಿ, ಬಳಿಕವೇ ಹೊಸ ಬಿಲ್ಲು ಬರೆಯತಕ್ಕದ್ದು. ಗಣಕಯಂತ್ರ ನಿಂತ ದಿನಕ್ಕಾಗಿ ಪ್ರತ್ಯೇಕ ಸರಣಿಯ ಕೈಬರಹದ ಬಿಲ್ ಪುಸ್ತಕ ಇರಿಸಿಕೊಳ್ಳುವುದು ಕ್ಷೇಮ. ಒಂದಕ್ಕಿಂತ ಹೆಚ್ಚು ಸರಣಿ ಬಳಸಲು ನಿಯಮದಲ್ಲಿ ಅವಕಾಶವಿದೆ.

ಬ್ಯಾಕಪ್ ತೆಗೆದರೆ ಸಾಲದು. ಅದು ಮರಳಿ ತೆರೆಯುತ್ತದೆಯೇ ಎಂದು ತಿಂಗಳಿಗೊಮ್ಮೆ ಬೇರೊಂದು ಯಂತ್ರದಲ್ಲಿ ಪರೀಕ್ಷಿಸಬೇಕು. ವಾರ್ಷಿಕ ವಿವರಣೆ ಸಲ್ಲಿಕೆಯ ಅಂತಿಮ ದಿನದಿಂದ 72 ತಿಂಗಳು ಲೆಕ್ಕಪತ್ರ ಕಾಯ್ದಿರಿಸಬೇಕಾದ ಹೊಣೆ ವರ್ತಕರ ಮೇಲಿರುವುದರಿಂದ ಇದನ್ನು ಅಲಕ್ಷಿಸುವಂತಿಲ್ಲ.

ಪರ್ಯಾಯ ಮಾರ್ಗವನ್ನು ಮೊದಲೇ ಸಿದ್ಧವಾಗಿಡುವುದೂ ಇಷ್ಟೇ ಮುಖ್ಯ. ಒಂದೇ ಪೋರ್ಟಲ್ಲನ್ನು ನಂಬಿರಬಾರದೆಂಬ ಉದ್ದೇಶದಿಂದಲೇ ಇ-ವೇ ಬಿಲ್ಲಿಗೆ ಎರಡನೆಯ ಪೋರ್ಟಲ್ಲನ್ನು 2025ರ ಜೂನ್‌ನಲ್ಲಿ ಪ್ರಕಟಿಸಲಾಯಿತು. ದೇಶದ ವ್ಯವಸ್ಥೆಗೆ ಅಗತ್ಯವಾದ ಈ ಮುಂಜಾಗ್ರತೆ ನಮ್ಮ ಅಂಗಡಿಗೂ ಅಗತ್ಯ.

ಇದಕ್ಕೆ ತಗಲುವ ವೆಚ್ಚ ಒಂದು ನೋಟುಪುಸ್ತಕ ಮತ್ತು ಒಂದು ಪೆನ್ನಿನದು. ಸರಕು ತುಂಬಿದ ಲಾರಿ ಬಿಲ್ಲಿಗಾಗಿ ಕಾಯುತ್ತ ನಿಂತಾಗ ಆಗುವ ನಷ್ಟದ ಮುಂದೆ ಇದು ಏನೂ ಅಲ್ಲ. ಗಣಕಯಂತ್ರದ ಪಕ್ಕದಲ್ಲಿ ಆ ಪುಸ್ತಕವನ್ನು ಇಂದೇ ಇರಿಸಿ, ಮೊದಲ ಪುಟದಲ್ಲಿ ಯು.ಪಿ.ಎಸ್. ಬ್ಯಾಟರಿ ಕೊಂಡ ದಿನಾಂಕ ಬರೆದರೆ ಅದೇ ಉತ್ತಮ ಆರಂಭ.